ಯಾವ ನಿಯಮ ಮೊದಲು ಓಡಿತು?

ಮಾರ್ಚ್ 2, ಸೋಮವಾರ

"ಊಟದ ತಟ್ಟೆ ಮುಂದೆ ಆಫೀಸಿನ ಪುರಾಣ ಬಿಚ್ಚಬೇಡ, ಬೇಕಾದ್ರೆ ಬರೆದಿಟ್ಕೋ" ಎಂದರು ನಮ್ಮ ಯಜಮಾನರು. ಸರಿ, ಬರೆಯುತ್ತೇನೆ. ಕೇಳುವ ಕಿವಿ ಸಿಗದವರಿಗೆ ಕಾಗದವೇ ಗತಿ.

ಇವತ್ತು ಮ್ಯಾನೇಜರು ನಮ್ಮಿಬ್ಬರನ್ನೂ ಒಳಗೆ ಕರೆದರು. ನಮ್ಮದು ಲಿಫ್ಟು ರಿಪೇರಿ ಕಂಪನಿ. ಹಗಲು ಹೊತ್ತು ದೂರಿನ ಫೋನು ಎತ್ತುವವರು ನಾನು ಮತ್ತು ನನ್ನ ಪಕ್ಕದವಳು, ಇಬ್ಬರೇ. ಆರು ತಿಂಗಳ ಹಿಂದೆ ಒಂದು ಸಾಫ್ಟ್‌ವೇರ್ ತಂದರು. ದೂರನ್ನು ಅದರಲ್ಲಿ ಬರೆದರೆ ಸಾಕು. ಯಾವ ಮೆಕ್ಯಾನಿಕ್ ಹೋಗಬೇಕು, ಎಷ್ಟು ತುರ್ತು, ಯಾರಿಗೆ ಮೆಸೇಜು ಹೋಗಬೇಕು ಎಂಬುದನ್ನೆಲ್ಲ ಅದರೊಳಗಿನ ನಿಯಮಗಳು ತಾವಾಗಿಯೇ ತೀರ್ಮಾನಿಸುತ್ತವೆ. ಆ ನಿಯಮಗಳು ಕೆಟ್ಟರೆ ಸರಿಮಾಡಲು ಬರುತ್ತದೆ ಎಂದು ಸರ್ಟಿಫಿಕೇಟ್ ಪರೀಕ್ಷೆಯೊಂದಿದೆಯಂತೆ. ತಿಂಗಳ ಕೊನೆಯೊಳಗೆ ನಾವಿಬ್ಬರೂ ಪಾಸಾಗಬೇಕು. ಆಗದಿದ್ದರೆ ರಾತ್ರಿ ಪಾಳಿಯ ಹಾಗೆ ಹಗಲಿನ ಕೆಲಸವೂ ಹೊರಗಿನ ಏಜೆನ್ಸಿಗೆ, ನಾವು ಬಿಡಿಭಾಗಗಳ ಗೋದಾಮಿಗೆ.

ನನಗೆ ನಗು ಬಂತು. ಈ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷ ಕೂತವಳು ನಾನು. ಯಾವ ಕಟ್ಟಡದ ಲಿಫ್ಟು ಯಾವಾಗ ಕೈಕೊಡುತ್ತದೆ, ಯಾವ ಮೆಕ್ಯಾನಿಕ್ಕು ಟೀ ಕುಡಿಯುವ ತನಕ ಮನುಷ್ಯನಾಗಿರುವುದಿಲ್ಲ, ಎಲ್ಲ ನನ್ನ ತಲೆಯಲ್ಲಿದೆ. ಮದುವೆಗೆ ಹೊರಟ ವರನೊಬ್ಬ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಅಳುತ್ತಿದ್ದಾಗ ಫೋನಿನಲ್ಲೇ ಅವನನ್ನು ನಗಿಸಿದವಳು ನಾನು. ಈ ಪರೀಕ್ಷೆ ನನಗೆ ಜುಜುಬಿ.

ಚಿಂತೆ ಪಕ್ಕದವಳದು. ನಾನು ಅವಳಿಗೆ ಇಟ್ಟ ಹೆಸರು ಪಿಸುಮಾತು. ಮೂವತ್ತು ದಾಟಿದ ಹೆಂಗಸು, ದನಿ ಮಾತ್ರ ಸೂಜಿ ಬಿದ್ದ ಹಾಗೆ. ಫೋನು ಮಾಡಿದವರು "ಹಲೋ, ಇದ್ದೀರಾ?" ಎಂದು ಎರಡೆರಡು ಸಲ ಕೇಳಬೇಕು. ನನ್ನ ಅನ್ನ ಇವಳ ಉತ್ತರಪತ್ರಿಕೆಯಲ್ಲಿ ಕೂತಿದೆ, ನೋಡಿ ನನ್ನ ಗ್ರಹಚಾರ.

ಮಾರ್ಚ್ 5, ಗುರುವಾರ

ಸಂಜೆ ಪಾಠದ ವಿಡಿಯೋ ಹಾಕಿದರೆ ಅತ್ತೆಯೂ ಕುರ್ಚಿ ಎಳೆದುಕೊಂಡು ಬಂದು ಕೂತರು. ವಿಡಿಯೋದ ಮೇಷ್ಟ್ರು ಹೇಳಿದ್ದನ್ನೇ ಹೇಳುತ್ತಿದ್ದರು: ಪ್ರತಿ ನಿಯಮಕ್ಕೂ ಮೂರು ಭಾಗ. ಯಾವಾಗ ಶುರುವಾಗಬೇಕು, ಯಾವ ಷರತ್ತು ಇರಬೇಕು, ಏನು ಮಾಡಬೇಕು.

"ಇದಕ್ಕೆ ಇಷ್ಟು ಹೊತ್ತು ಪಾಠ ಬೇರೆ ಬೇಕಾ?" ಎಂದರು ಅತ್ತೆ. "ಹಾಲು ಉಕ್ಕಿದಾಗ, ಹತ್ರ ಯಾರೂ ಇಲ್ದೇ ಇದ್ರೆ, ಮುದುಕಿ ಎದ್ದು ಹೋಗಿ ಒಲೆ ಆರಿಸ್ಬೇಕು. ಇಷ್ಟೇ ತಾನೇ?"

ಸರಿಯಾಗಿಯೇ ಹೇಳಿದ್ದರು. ಅದಕ್ಕೇ ಸಿಟ್ಟು ಬಂತು. "ನೀವು ರೇಡಿಯೋ ಕೇಳಿ ಅತ್ತೆ" ಎಂದು ಇಯರ್‌ಫೋನು ಸಿಕ್ಕಿಸಿಕೊಂಡೆ.

ಹದಿನಾಲ್ಕಕ್ಕೇ ಪರೀಕ್ಷೆಗೆ ಹೆಸರು ಕೊಟ್ಟೆ. ಪ್ರತಿಯೊಬ್ಬರಿಗೂ ಎರಡು ಅವಕಾಶವಂತೆ. ಎರಡನೆಯದು ಯಾರಿಗೆ ಬೇಕು? ಮ್ಯಾನೇಜರಿಗೆ, ಮೆಕ್ಯಾನಿಕ್ಕುಗಳಿಗೆ, ಟೀ ಅಂಗಡಿಯವರಿಗೆ, ಮನೆಯಲ್ಲಿ ಇಬ್ಬರಿಗೆ, ಎಲ್ಲರಿಗೂ ಹೇಳಿಯಾಯಿತು. ಪಿಸುಮಾತು ಮೂವತ್ತೊಂದಕ್ಕೆ ಇಟ್ಟುಕೊಂಡಿದ್ದಾಳೆ, ಕಟ್ಟಕಡೆಯ ದಿನ. ಪುಕ್ಕಲಿ.

ಮಾರ್ಚ್ 9, ಸೋಮವಾರ

ಇವತ್ತಿನದನ್ನು ನೆಟ್ಟಗೆ ಬರೆಯಬೇಕು.

ಒಂದು ಲಿಫ್ಟು ನಿಂತರೆ ಪ್ರತಿ ಮಹಡಿಯಿಂದಲೂ ಫೋನು ಬರುತ್ತದೆ. ಒಂದೇ ಲಿಫ್ಟಿಗೆ ಹತ್ತು ದೂರು, ನಾಲ್ಕು ಮೆಕ್ಯಾನಿಕ್ಕು ಓಡುವುದು, ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿ ಬೈದುಕೊಳ್ಳುವುದು. ಅದಕ್ಕೇ ನಮ್ಮಲ್ಲಿ ಒಂದು ನಿಯಮ: ಒಂದೇ ಕಟ್ಟಡದಿಂದ ಒಂದೇ ದಿನ ಬಂದ ದೂರುಗಳನ್ನೆಲ್ಲ ಮೊದಲು ಬಂದ ದೂರಿಗೆ ಗಂಟು ಹಾಕುವುದು. ಸಾಫ್ಟ್‌ವೇರಿನವರಿಗೆ ಅದನ್ನು ಹೇಳಿ ಬರೆಸಿದವಳು ನಾನೇ. ಒಳ್ಳೆಯ ನಿಯಮ.

ಬೆಳಿಗ್ಗೆ ಒಂದು ಕಟ್ಟಡದ ಕಾವಲುಗಾರ ಫೋನು ಮಾಡಿ ಲಿಫ್ಟಿನೊಳಗಿನ ಕನ್ನಡಿ ಬಿರುಕು ಬಿಟ್ಟಿದೆ ಎಂದ. ತುರ್ತಲ್ಲ, ಶುಕ್ರವಾರ ಬದಲಾಯಿಸಿದರಾಯಿತು. ಮಧ್ಯಾಹ್ನ ಅದೇ ಲಿಫ್ಟು ನಿಂತಿತು, ಒಳಗೆ ಇಬ್ಬರು: ಒಬ್ಬರು ಸಂಗೀತದ ಮೇಷ್ಟ್ರು, ಇನ್ನೊಬ್ಬ ಸಾಮಾನು ಮುಟ್ಟಿಸಲು ಬಂದವನು. ಫೋನು ಎತ್ತಿದ್ದು ಪಿಸುಮಾತು. ತುರ್ತು ಎಂದೇ ಬರೆದಳು. ಮೆಕ್ಯಾನಿಕ್ ಬರುವ ತನಕ ಒಳಗಿದ್ದವರ ಜೊತೆ ಮಾತಾಡುತ್ತಲೇ ಇರುವುದು ನಮ್ಮ ಪದ್ಧತಿ. ಮಾತಾಡಿದಳು. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಕೊನೆಗೆ ಮೇಷ್ಟ್ರೇ "ಅಮ್ಮಾ, ನಿಮ್ಮೋರು ಎಲ್ಲಿದ್ದಾರೆ ಸ್ವಲ್ಪ ನೋಡ್ತೀರಾ? ಈ ಹುಡುಗನಿಗೆ ಉಸಿರು ಕಟ್ತಿದೆ" ಎಂದರಂತೆ.

ಇವಳು ಪರದೆ ನೋಡಿದಳು. ಆ ದೂರು ಕನ್ನಡಿಯ ದೂರಿಗೆ ಗಂಟು ಬಿದ್ದಿತ್ತು. ತುರ್ತು ಹೋಗಿ ಸಾಮಾನ್ಯವಾಗಿತ್ತು. ಯಾರಿಗೂ ಮೆಸೇಜೇ ಹೋಗಿರಲಿಲ್ಲ. ಭೇಟಿ: ಶುಕ್ರವಾರ.

ಎದ್ದು ನಿಂತು ಕೂಗಿದಳು. ಅವಳು ಇಲ್ಲಿಗೆ ಬಂದ ಎರಡು ವರ್ಷದಲ್ಲಿ ದನಿ ಏರಿದ್ದು ನಾನು ಕೇಳಿದ್ದು ಅದೇ ಮೊದಲು. ನಾನು ಪರದೆ ಗಿರದೆ ಬಿಟ್ಟು ನೇರ ಸ್ಪ್ಯಾನರಿಗೆ ಫೋನು ಮಾಡಿದೆ. ಸ್ಪ್ಯಾನರ್ ಎಂದರೆ ನಮ್ಮ ಹಿರಿಯ ಮೆಕ್ಯಾನಿಕ್. ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ಮಾತೇ ಆಡುವುದಿಲ್ಲ. ಪಕ್ಕದ ಬೀದಿಯಲ್ಲೇ ಇದ್ದ, ಓಡಿದ, ಇಬ್ಬರನ್ನೂ ಹೊರಗೆ ತಂದ. ಇಂಥದಕ್ಕೆ ಬೇಕಾಗುವುದು ಅನುಭವ.

ಮ್ಯಾನೇಜರು ಬಂದು "ಈ ಗಂಟು ಹಾಕೋ ನಿಯಮ ಯಾರು ಬರೆಸಿದ್ದು?" ಎಂದು ಕೇಳಿದರು. ನಾನು ಕಿಟಕಿ ನೋಡಿದೆ. ಪಿಸುಮಾತಿಗೆ ಗೊತ್ತಿತ್ತು, ಅವಳೂ ಕಿಟಕಿ ನೋಡಿದಳು.

ಮಾರ್ಚ್ 10, ಮಂಗಳವಾರ

ನಾನೇ ಸರಿಮಾಡುತ್ತೇನೆ ಎಂದು ಕೂತೆ. ಹೊಸ ನಿಯಮ ಬರೆದೆ: ಒಳಗೆ ಜನರಿದ್ದರೆ ದೂರು ತುರ್ತಾಗಲಿ, ಮೆಕ್ಯಾನಿಕ್ಕಿಗೆ ಮೆಸೇಜು ಹೋಗಲಿ. ಪರೀಕ್ಷಿಸಿದರೆ ಗಂಟಿನ ನಿಯಮ ಬಂದು ಮತ್ತೆ ಸಾಮಾನ್ಯ ಮಾಡಿಬಿಟ್ಟಿತು. ಬಿಡುತ್ತೇನೆಯೇ? ಇನ್ನೊಂದು ಬರೆದೆ: ಅಂಥ ದೂರನ್ನು ಯಾರೇ ಸಾಮಾನ್ಯ ಮಾಡಲಿ, ತಿರುಗಿ ತುರ್ತಾಗಲಿ. ಖುಷಿಯಾಗಿ ಟೀ ಕುಡಿಯಲು ಹೋದೆ.

ಟೀ ಬಾಯಿಗಿಡುವ ಮೊದಲೇ ಸ್ಪ್ಯಾನರಿನ ಫೋನು. "ಅಕ್ಕಾ, ನನ್ ಫೋನು ಜೇಬಲ್ಲಿ ಕುಣೀತಿದೆ! ತುರ್ತು ಅನ್ನುತ್ತೆ, ತುರ್ತಲ್ಲ ಅನ್ನುತ್ತೆ, ತುರ್ತು ಅನ್ನುತ್ತೆ. ನಾನು ಏಣಿ ಮೇಲಿದ್ದೀನಿ. ಇಳೀಲೋ ಬೇಡ್ವೋ ಒಂದು ಹೇಳಿ!"

ನನ್ನ ನಿಯಮ ತುರ್ತು ಮಾಡುವುದು, ಗಂಟಿನ ನಿಯಮ ಸಾಮಾನ್ಯ ಮಾಡುವುದು, ಪ್ರತಿ ಸಲವೂ ಮೆಸೇಜು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಲ್ಲ ಮೆಕ್ಯಾನಿಕ್ಕುಗಳ ಫೋನೂ ಬಿಸಿಯಾಗಿ, ಒಬ್ಬನದು ಸತ್ತೇ ಹೋಯಿತಂತೆ. ಕೊನೆಗೆ ಎಲ್ಲ ನಿಯಮಗಳನ್ನೂ ನಿಲ್ಲಿಸಿ, ಸಂಜೆಯವರೆಗೆ ನಾನು ಬಾಯಲ್ಲೇ ಕೆಲಸ ಹಂಚಿದೆ. ಒಂದು ದೂರೂ ತಪ್ಪಲಿಲ್ಲ. ಯಂತ್ರ ಮಾಡಲಾಗದ್ದನ್ನು ಮಾಡಿ ತೋರಿಸಿದೆ ಎಂದು ಬರೆದಿಡುವುದರಲ್ಲಿ ತಪ್ಪಿಲ್ಲ.

ಮಾರ್ಚ್ 14, ಶನಿವಾರ

ಪರೀಕ್ಷೆ ಮುಗಿಯಿತು. ಬರೆಯುವಂಥದ್ದೇನೂ ಇಲ್ಲ. ತಲೆನೋವು.

ಮಾರ್ಚ್ 15, ಭಾನುವಾರ

ಫೇಲು. ಅಂಕದ ಕಾಗದ ನಿನ್ನೆಯೇ ಕೈಗೆ ಬಂದಿತ್ತು, ಬರೆಯಲು ಮನಸ್ಸು ಬರಲಿಲ್ಲ. ಎಪ್ಪತ್ತು ಬೇಕಿತ್ತು, ಐವತ್ತೆಂಟು ಬಂತು.

ಪ್ರಶ್ನೆಗಳಿಗೆಲ್ಲ ಚೆನ್ನಾಗಿಯೇ ಉತ್ತರಿಸಿದ್ದೆ. ಮುಳುಗಿಸಿದ್ದು ಎರಡನೆಯ ಭಾಗ. ಕೆಟ್ಟು ಕೂತ ನಿಯಮಗಳ ಒಂದು ಗುಂಪು ಕೊಡುತ್ತಾರೆ, ದೋಷ ಹುಡುಕಿ ಸರಿಮಾಡಬೇಕು, ಆದರೆ ಹೊಸ ನಿಯಮ ಒಂದನ್ನೂ ಸೇರಿಸುವಂತಿಲ್ಲ. ಕೈಕಟ್ಟಿ ಅಡುಗೆ ಮಾಡು ಎಂದ ಹಾಗಾಯಿತು. ರಜೆಯ ಅರ್ಜಿಯೊಂದು ಮಂಜೂರಾದ ಮೇಲೂ ಮತ್ತೆ ಮತ್ತೆ ಮೇಲಧಿಕಾರಿಯ ಬಳಿಗೇ ಹೋಗುತ್ತಿತ್ತು. ನಾನು ಎಲ್ಲ ನಿಯಮಗಳ ಮುಖ ನೋಡಿದೆ, ಅವು ನನ್ನ ಮುಖ ನೋಡಿದವು. ಗಂಟೆ ಹೊಡೆಯಿತು.

ಯಜಮಾನರು "ಹೋಗ್ಲಿ ಬಿಡು, ಇನ್ನೊಂದ್ಸಲ ಬರೆದ್ರಾಯ್ತು" ಎಂದರು. ಹೋಗಲಿ ಬಿಡುವುದಕ್ಕೆ ಅದೇನು ತಪ್ಪಿದ ಬಸ್ಸೇ? ಊರಿಗೆಲ್ಲ ಡಂಗುರ ಸಾರಿದವಳು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅತ್ತೆ ಮಾತ್ರ ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಬಡಿಸಿದರು. ಆ ತುಪ್ಪವೇ ನನಗೆ ಜಾಸ್ತಿ ನಾಟಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 16, ಸೋಮವಾರ

ಆಫೀಸಿನಲ್ಲಿ ಯಾರು ಕೇಳಿದರೂ "ಫಲಿತಾಂಶ ಇನ್ನೂ ಬಂದಿಲ್ಲ" ಎನ್ನುವುದೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋದೆ. ಪಿಸುಮಾತು ಕೇಳಲೇ ಇಲ್ಲ. ನನ್ನ ಮುಂದೆ ಟೀ ಇಟ್ಟು ತನ್ನ ಕೆಲಸಕ್ಕೆ ಕೂತಳು. ನಾನೇ ತಡೆಯಲಾರದೆ "ಫೇಲಾದೆ ಕಣೇ" ಎಂದುಬಿಟ್ಟೆ.

ಅವಳು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, "ಮೇಡಂ, ಒಂದ್ಸಲ ಇದನ್ನ ನೋಡ್ತೀರಾ?" ಎಂದಳು.

ಪ್ರತಿ ದೂರಿನ ಅಡಿಯಲ್ಲೂ ಲಾಗ್ ಎಂದು ಒಂದಿದೆ. ಯಾವ ನಿಯಮ ಯಾವಾಗ ಓಡಿತು, ಅದರ ಷರತ್ತು ಸರಿಹೊಂದಿತೋ ಇಲ್ಲವೋ, ಏನನ್ನು ಬದಲಾಯಿಸಿತು, ಎಲ್ಲ ಅಲ್ಲಿರುತ್ತದೆ. ನಾನು ಅದನ್ನು ಯಾವತ್ತೂ ತೆರೆದಿರಲಿಲ್ಲ. ಕನ್ನಡಿಯ ಕಟ್ಟಡದ ದೂರನ್ನು ತೆಗೆದು ತೋರಿಸಿದಳು. ಮೊದಲು ಓಡಿದ್ದು ಗಂಟಿನ ನಿಯಮ. ಅದರಲ್ಲಿ ಎರಡು ಕೆಲಸ: ದೂರನ್ನು ಹಳೆಯದಕ್ಕೆ ಕಟ್ಟುವುದು, ಹಳೆಯ ದೂರಿನ ತುರ್ತನ್ನೇ ಇದಕ್ಕೂ ಅಂಟಿಸುವುದು. ಮೆಸೇಜಿನ ನಿಯಮ ಓಡಿದ್ದು ಆಮೇಲೆ. ಅದು ಬಂದು ನೋಡುವ ಹೊತ್ತಿಗೆ ದೂರು ಸಾಮಾನ್ಯವಾಗಿತ್ತು, ಸುಮ್ಮನೆ ಹೊರಟುಹೋಯಿತು.

"ಅಂದ್ರೆ ಯಾವ ನಿಯಮವೂ ಕೆಟ್ಟಿರಲಿಲ್ವಾ?"

"ಇಲ್ಲ ಮೇಡಂ. ಎಲ್ಲವೂ ಹೇಳಿದ್ದನ್ನೇ ಮಾಡಿದ್ವು. ಈ ಎರಡನೇ ಕೆಲಸ ಒಂದು ತೆಗೆದ್ರೆ ಸಾಕು ಅನ್ಸುತ್ತೆ."

ಮೊದಲು ನನ್ನ ಎರಡು ನಿಯಮಗಳನ್ನು ಕಿತ್ತಳು. ಆಮೇಲೆ ಗಂಟಿನ ನಿಯಮದ ಆ ಒಂದು ಸಾಲನ್ನು ಅಳಿಸಿದಳು. ನಿಜವಾದ ದೂರುಗಳನ್ನು ಮುಟ್ಟದ ಅಭ್ಯಾಸದ ಪ್ರತಿಯೊಂದು ಸಾಫ್ಟ್‌ವೇರಿನಲ್ಲೇ ಇದೆ, ಅದರಲ್ಲಿ ಹತ್ತು ಸಲ ಓಡಿಸಿದೆವು. ಹತ್ತು ಸಲವೂ ದೂರು ಗಂಟು ಬಿತ್ತು, ತುರ್ತು ಉಳಿಯಿತು, ಒಂದೇ ಮೆಸೇಜು ಹೋಯಿತು. ನಿಜವಾದ ನಿಯಮಗಳಿಗೂ ಅದನ್ನೇ ಹಾಕಿದೆವು. ನನಗೇನೂ ಇಷ್ಟವಾಗಲಿಲ್ಲ. ಸರಿಯಾಗಿತ್ತು, ಅದು ಬೇರೆ ಮಾತು.

ಮಾರ್ಚ್ 20, ಶುಕ್ರವಾರ

ನಮ್ಮದೊಂದು ಆಟ ಶುರುವಾಗಿದೆ. ಅಭ್ಯಾಸದ ಪ್ರತಿಯಲ್ಲಿ ನಾನು ಒಂದು ನಿಯಮ ಕೆಡಿಸುತ್ತೇನೆ, ಅವಳು ಹುಡುಕಬೇಕು. ಅವಳು ಕೆಡಿಸುತ್ತಾಳೆ, ನಾನು ಹುಡುಕಬೇಕು. ಸೋತವರು ಟೀ ಕೊಡಿಸಬೇಕು. ಕೆಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇವತ್ತು ಷರತ್ತಿನಲ್ಲಿ "ಎಲ್ಲವೂ" ಇದ್ದದ್ದನ್ನು "ಯಾವುದಾದರೊಂದು" ಮಾಡಿಟ್ಟೆ. ನಿನ್ನೆ ಇವಳು ರಜೆಯಲ್ಲಿರುವ ಮೆಕ್ಯಾನಿಕ್ಕಿಗೇ ಎಲ್ಲ ಕೆಲಸ ಹೋಗುವ ಹಾಗೆ ಮಾಡಿದ್ದಳು. ನಾನು ಲಾಗ್ ತೆರೆದು ಮೇಲಿನಿಂದ ಒಂದೊಂದೇ ಸಾಲು ಓದಿ ಹಿಡಿದೆ. ಏನನ್ನೂ ಸೇರಿಸಲಿಲ್ಲ. ಹಿಡಿದಾಗ ಮೇಜು ಗುದ್ದಿದೆ, ಟೀ ಚೆಲ್ಲಿತು.

ಇವಳ ತೊಂದರೆ ಬೇರೆ. ದೋಷ ಕಣ್ಣಿಗೆ ಬಿದ್ದರೂ ಮುಟ್ಟುವುದಿಲ್ಲ. "ಇನ್ನೊಂದ್ಸಲ ನೋಡ್ತೀನಿ, ಇನ್ನೊಂದ್ಸಲ" ಎಂದು ಹೊತ್ತು ಕಳೆಯುತ್ತಾಳೆ. ಪರೀಕ್ಷೆಯಲ್ಲಿ ಗಡಿಯಾರ ಇವಳಿಗಾಗಿ ಕಾಯುತ್ತದೆಯೇ?

"ನೋಡು" ಎಂದೆ. "ಲಿಫ್ಟಲ್ಲಿ ಸಿಕ್ಕಿಕೊಂಡೋರ ಹತ್ರ ಮೊದಲು ಏನು ಕೇಳ್ತೀಯ?"

"ಒಳಗೆ ಎಷ್ಟು ಜನ ಇದ್ದೀರಿ ಅಂತ."

"ಆಮೇಲೆ?"

"ಯಾರಿಗಾದ್ರೂ ಹುಷಾರಿಲ್ವಾ ಅಂತ."

"ಲಿಫ್ಟು ಯಾವ ವರ್ಷದ್ದು, ಬಾಗಿಲಿಗೆ ಯಾವ ಬಣ್ಣ ಅಂತ ಕೇಳ್ತೀಯಾ? ಇಲ್ಲ ತಾನೆ? ಇಲ್ಲೂ ಹಾಗೇ. ಈ ದೋಷದಿಂದ ಯಾರಿಗೆ ಏನು ತೊಂದ್ರೆ ಅಂತ ಮೊದಲು ಕೇಳ್ಕೋ. ಆ ತೊಂದ್ರೆ ಯಾವ ಸಾಲಲ್ಲಿ ಹುಟ್ತೋ ಅಲ್ಲಿ ಕೈ ಇಡು. ಇಟ್ಮೇಲೆ ತೆಗೀಬೇಡ."

ಆಮೇಲಿನದನ್ನು ಟೀ ಆರುವುದರೊಳಗೆ ಮುಗಿಸಿದಳು. ಎರಡು ಟೀ ನನ್ನ ಲೆಕ್ಕಕ್ಕೆ.

ಮಾರ್ಚ್ 22, ಭಾನುವಾರ

ಅವಳನ್ನು ಮನೆಗೇ ಕರೆದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು. ಅತ್ತೆ ತಮ್ಮ ಅಲಾರಂ ಗಡಿಯಾರ ತಂದು "ಹೊತ್ತು ನೋಡೋದು ನಾನು" ಎಂದು ಪಂಚಾಯ್ತಿಗೆ ಕೂತರು. ಅವಳು ಯೋಚಿಸುತ್ತ ಕೂತಾಗಲೆಲ್ಲ "ಒಲೆ ಮೇಲೆ ಹಾಲಿದೆ ಮಗಾ!" ಎಂದು ಕೂಗುತ್ತಿದ್ದರು. ನಕ್ಕೂ ನಕ್ಕೂ ಸಾಕಾಯಿತು. ಯಜಮಾನರು ನಾವೆಲ್ಲ ಊಟಕ್ಕೆ ಏಳುತ್ತೇವೋ ಇಲ್ಲವೋ ಎಂದು ಬಾಗಿಲಲ್ಲಿ ಬಂದು ನೋಡಿ ಹೋದರು.

ಹೊರಡುವಾಗ "ಬರ್ತೀನಿ ಅಕ್ಕ" ಎಂದಳು. ಊಟದ ಡಬ್ಬಿ ಕೊಟ್ಟು ಕಳಿಸಿದೆ. ಅವಳ ತಾಯಿಗೆ ಮಂಡಿನೋವಂತೆ, ಮನೆ ನಡೆಯುವುದು ಇವಳ ಸಂಬಳದಿಂದಲೇ. ಗೋದಾಮು ಊರಾಚೆ. ಅಲ್ಲಿಗೆ ಹಾಕಿದರೆ ಬೆಳಿಗ್ಗೆ ತಾಯಿಯನ್ನು ಏಳಿಸಿ ಸ್ನಾನ ಮಾಡಿಸಿ ಹೊರಡಲು ಆಗುವುದಿಲ್ಲ. ಇದನ್ನು ಎರಡು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಾರ್ಚ್ 25, ಬುಧವಾರ

ಪಾಸು. ಎರಡನೇ ಅವಕಾಶದಲ್ಲಿ ಎಂಬತ್ತೊಂದು. ಪಿಸುಮಾತು ಇವತ್ತು ಮೂರು ದೋಷಗಳಲ್ಲಿ ಎರಡನ್ನೇ ಹೊತ್ತಿಗೆ ಮುಗಿಸಿದ್ದು. ಇದು ಸಾಲದು. ಇನ್ನು ದಿನಕ್ಕೆ ಐದು ಮಾಡಿಸಬೇಕು.

ಮಾರ್ಚ್ 27, ಶುಕ್ರವಾರ

ಮ್ಯಾನೇಜರು ಕರೆದು ಕೂರಿಸಿದರು. ಅವರ ಕೋಣೆಯ ಅತಿಥಿ ಕುರ್ಚಿಯ ಒಂದು ಕಾಲು ಗಿಡ್ಡ. ಇಷ್ಟು ದೊಡ್ಡ ಕಂಪನಿ, ಒಂದು ಕುರ್ಚಿ ಸರಿಮಾಡಿಸಲು ಯೋಗ್ಯತೆಯಿಲ್ಲ.

"ನಿಮ್ಮದೇನೋ ಆಯ್ತು" ಎಂದರು. "ಆಕೆ ಪಾಸಾಗದಿದ್ರೂ ನೀವು ಚಿಂತೆ ಮಾಡ್ಬೇಡಿ. ಏಜೆನ್ಸಿಯವರಿಗೆ ಸರ್ಟಿಫಿಕೇಟ್ ಇರೋ ಒಬ್ಬ ಮೇಲ್ವಿಚಾರಕರು ಬೇಕಂತೆ. ನಿಮ್ಮ ಹೆಸರು ಹೇಳಿದ್ದೀನಿ. ಸಂಬಳನೂ ಹೆಚ್ಚು."

"ಆಕೆ ಪಾಸಾಗ್ತಾಳೆ ಸಾರ್" ಎಂದೆ.

"ಆಗದಿದ್ರೆ ಅಂತ ಹೇಳಿದೆ."

"ಆಗದಿದ್ರೆ ನನ್ನನ್ನೂ ಗೋದಾಮಿಗೇ ಹಾಕಿ. ಇಬ್ರು ಇದ್ರೆ ಅಲ್ಲೂ ಒಂದು ಮೇಜು ಹಾಕ್ಕೋತೀವಿ."

ಅವರು ಏನೋ ಹೇಳುವುದರೊಳಗೆ ಫೋನು ಬಂತೆಂದು ಎದ್ದು ಬಂದೆ. ಇಂಥ ಮಾತಿಗೆಲ್ಲ ಕೂತರೆ ಐದು ದೋಷ ಮಾಡಿಸುವುದು ಯಾವಾಗ? ಇವತ್ತು ನಾಲ್ಕು ಆಯಿತು, ನಾಲ್ಕೂ ಸರಿ.

ಮಾರ್ಚ್ 30, ಸೋಮವಾರ

ಮಧ್ಯಾಹ್ನ ಕನ್ನಡಿಯ ಕಟ್ಟಡದಿಂದಲೇ ಮತ್ತೆ ಫೋನು. ಬೆಳಿಗ್ಗೆಯಷ್ಟೇ ದೀಪ ಮಿಣುಕುತ್ತದೆ ಎಂದು ದೂರು ಕೊಟ್ಟಿದ್ದರು. ಈಗ ಒಬ್ಬ ಅಜ್ಜಿ ಒಳಗೆ. ಪಿಸುಮಾತು ಬರೆದಳು. ಇಬ್ಬರೂ ಉಸಿರು ಬಿಗಿಹಿಡಿದು ಪರದೆ ನೋಡಿದೆವು. ದೂರು ಗಂಟು ಬಿತ್ತು, ತುರ್ತು ಹಾಗೇ ಉಳಿಯಿತು, ಮೆಸೇಜು ಹೋಯಿತು. ಸ್ಪ್ಯಾನರ್ "ಹೊರಟೆ" ಎಂದು ಒತ್ತಿದ. ನಾನು ಯಾರಿಗೂ ಫೋನು ಮಾಡಲಿಲ್ಲ, ಮಾಡುವ ಅಗತ್ಯವೇ ಬೀಳಲಿಲ್ಲ. ಇವಳು ಅಜ್ಜಿಯ ಜೊತೆ ಮಾತಾಡಿದ ರೀತಿ ಕೇಳಬೇಕಿತ್ತು. ಅಜ್ಜಿ ಹೊರಗೆ ಬಂದ ಮೇಲೂ ಫೋನು ಇಡಲು ಒಪ್ಪಲಿಲ್ಲ.

ಇಷ್ಟೆಲ್ಲ ಮಾಡಿದವಳು ಸಂಜೆ ಚೀಲ ಹೆಗಲಿಗೇರಿಸಿ, "ಅಕ್ಕ, ನಾಳೆ ಪರೀಕ್ಷೆಗೆ ನಾನು ಹೋಗಲ್ಲ" ಎಂದಳು. "ನಿಮ್ಮದು ಆಗಿದೆಯಲ್ಲ. ಮ್ಯಾನೇಜರ್ ಹೇಳಿದ್ದು ನಂಗೂ ಗೊತ್ತಾಯ್ತು. ನಾನು ಫೇಲಾದ್ರೆ ನೀವು ನನ್ನ ಜೊತೆ ಗೋದಾಮಿಗೆ ಬರ್ತೀನಿ ಅಂದ್ರಂತೆ. ನಾನು ಬರೀದೇ ಇದ್ರೆ ಆ ಮಾತು ಬರಲ್ಲ, ನೀವು ಏಜೆನ್ಸಿಗೆ ಹೋಗ್ಬಹುದು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಯಾರು ಕೇಳಿದ್ರು ನಿನ್ನ ಧಾರಾಳತನ? ನಾನು ಯಾರ ಜೊತೆ ಎಲ್ಲಿ ಕೂರಬೇಕು ಅಂತ ನೀನು ತೀರ್ಮಾನ ಮಾಡ್ತೀಯಾ? ನಾಳೆ ಬೆಳಿಗ್ಗೆ ನಿಮ್ಮ ಮನೆ ಬಾಗಿಲಿಗೆ ಬರ್ತೀನಿ. ತಲೆ ಬಾಚ್ಕೊಂಡು ರೆಡಿಯಾಗಿರು" ಎಂದೆ. ಅಳುತ್ತಲೇ ನಕ್ಕಳು. ನಾನೂ ಅತ್ತುಬಿಟ್ಟೆ, ಅದು ಸಿಟ್ಟಿಗೆ.

ಮಾರ್ಚ್ 31, ಮಂಗಳವಾರ

ಅವಳು ಒಳಗೆ ಹೋದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತೆ. ಕೂರಲಾಗಲಿಲ್ಲ. ಬಾಗಿಲಿನ ಕಾವಲುಗಾರನಿಗೆ ಗಂಟಿನ ನಿಯಮವನ್ನು ಪೂರ್ತಿ ವಿವರಿಸಿದೆ. ಪಾಪ, ಅವನು ಎಲ್ಲದಕ್ಕೂ ಹೌದು ಹೌದು ಎಂದ. ಅತ್ತೆ ಎರಡು ಸಲ ಫೋನು ಮಾಡಿ "ಬಂದ್ಲಾ?" ಎಂದರು. ಬೇರೆಯವರೆಲ್ಲ ಒಬ್ಬೊಬ್ಬರೇ ಹೊರಗೆ ಬಂದರು. ಇವಳು ಬರಲಿಲ್ಲ. ಹೊತ್ತು ಸಾಲಲಿಲ್ಲವೇನೋ, ಇನ್ನೊಂದ್ಸಲ ಇನ್ನೊಂದ್ಸಲ ಎಂದು ಕೂತಳೇನೋ ಎಂದು ಬಾಗಿಲಿಗೂ ಬೆಂಚಿಗೂ ಓಡಾಡಿದೆ.

ಕಟ್ಟಕಡೆಗೆ ಬಂದಳು. ಕೈಯಲ್ಲಿ ಒಂದು ಕಾಗದ. ಮುಖ ನೋಡಿದರೆ ಏನೂ ಗೊತ್ತಾಗುವಂತಿಲ್ಲ.

"ಎಷ್ಟೇ?"

ಏನೋ ಹೇಳಿದಳು. ಎದುರಿಗಿದ್ದ ನನಗೇ ಕೇಳಲಿಲ್ಲ. ಕಾಗದ ಕಿತ್ತುಕೊಂಡು ನೋಡಿದೆ. ತೊಂಬತ್ತಾರು. ದೋಷ ಹುಡುಕುವ ಭಾಗದಲ್ಲಿ ಒಂದಂಕವೂ ಹೋಗಿಲ್ಲ.

"ತೊಂಬತ್ತಾರು!" ಎಂದು ನಾನು ಕೂಗಿದ್ದು ಮೇಲಿನ ಮಹಡಿಗೂ ಕೇಳಿರಬೇಕು. ಯಾರೋ ಕಿಟಕಿಯಿಂದ ಇಣುಕಿದರು. ಕಾವಲುಗಾರ "ನಿಮ್ಮ ಮಗಳಾ ಅಮ್ಮಾ?" ಎಂದ. "ಅಲ್ಲಪ್ಪಾ, ನಮ್ಮ ಮೇಜಿನವಳು" ಎಂದೆ. ಮ್ಯಾನೇಜರಿಗೆ ಅಲ್ಲಿಂದಲೇ ಫೋನು ಮಾಡಿ ಅಂಕ ಹೇಳಿದೆ. ಏಜೆನ್ಸಿಗೆ ಬೇಡವೆಂದು ಇವತ್ತೇ ತಿಳಿಸುತ್ತೇನೆ ಎಂದರು. ಆ ಮಾತನ್ನು ಇವಳಿಗೂ ಕೇಳಿಸಲು ಇನ್ನೊಂದು ಸಲ ಹೇಳಿಸಿದೆ. ಆಮೇಲೆ ಸ್ಪ್ಯಾನರಿಗೆ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೆ, ಟೀ ಅಂಗಡಿಯವರಿಗೆ. ಬೀದಿಯ ತಿರುವಿನಲ್ಲಿ ಯಜಮಾನರು ಸಿಕ್ಕಿದರು, ಅವರಿಗೆ ನಡುಬೀದಿಯಲ್ಲೇ ನಿಲ್ಲಿಸಿ ಹೇಳಿದೆ.

ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ಎಲ್ಲ ಸರಿ, ನಿಂಗೆಷ್ಟು ಬಂದಿತ್ತು?"

ತುತ್ತು ಕೈಯಲ್ಲಿ ಹಿಡಿದು ಯೋಚಿಸಿದೆ. ಹೊಳೆಯಲೇ ಇಲ್ಲ.

"ಎಂಬತ್ತರ ಮೇಲೆ ಏನೋ ಇತ್ತು ಅತ್ತೆ" ಎಂದೆ. "ಇವಳದು ತೊಂಬತ್ತಾರು."